ಹೊನ್ನು ಹೋದ ಊರಿನಲ್ಲಿ

ಹಿರೇಕೆರೂರು ತಾಲ್ಲೂಕಿನಲ್ಲಿ ಚಿನ್ನಮುಳಗುಂದವೆಂಬುದೊಂದು ಊರಿದೆ. ನೋಡುವವರ ಕಣ್ಣಿಗೆ ಅದು ಆ ಸೀಮೆಯ ಉಳಿದ ಊರುಗಳಂತೆಯೇ ಕಾಣುವುದು. ಆದರೆ ಆ ಹೆಸರಿನ ಮೊದಲಿಗೆ ಬಂದು ಕುಳಿತಿರುವ ಚಿನ್ನ ಬರಿಯ ಅಲಂಕಾರವೆಂದು ತಿಳಿಯಬೇಕಾಗಿಲ್ಲ. ಆ ಭಾಗದ ಹಳ್ಳಗಳ ಮರಳಿನಲ್ಲಿ ಚಿನ್ನದ ರಜ ದೊರೆಯುತ್ತಿದ್ದಿತೆಂದು ಹತ್ತೊಂಬತ್ತನೆಯ ಶತಮಾನದ ಬರಹಗಳು ಹೇಳುತ್ತವೆ. ಮಳೆಗಾಲ ಮುಗಿದು ಹಳ್ಳದ ನೀರು ಇಳಿದೊಡನೆ ಮರಳನ್ನು ತೊಳೆದು ಈ ರಜವನ್ನು ಆಯುವ ಕಸುಬಿನವರನ್ನು ಜಲಗಾರರೆಂದು ಕರೆಯುತ್ತಿದ್ದರು. ಅಕ್ಕಸಾಲಿಗರ ಅಂಗಡಿಯ ಮುಂದಣ ಕಸವನ್ನು ತೊಳೆದು ಅದರಲ್ಲಿ ಸಿಕ್ಕ ಚೂರುಪಾರು ಚಿನ್ನದಿಂದ ಹೊಟ್ಟೆ ಹೊರೆಯುತ್ತಿದ್ದವರೂ ಇವರೇ.

ಹಾನಗಲ್ಲು, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರುಗಳ ಕೆಲವು ವಿದ್ಯಾರ್ಥಿಗಳೊಡನೆ ಈಚೆಗೆ ನಾವು ಕೋಲಾರದ ಚಿನ್ನದ ಗಣಿಗಳ ಊರನ್ನು ನೋಡಿ ಬಂದೆವು. ಹೊರಡುವ ಮುನ್ನ ಹಿರೇಕೆರೂರಿನ ಹುಡುಗನೊಬ್ಬ ಎರಡು ಪ್ರಶ್ನೆಗಳನ್ನು ಕೇಳಿದನು. ಚಿನ್ನ ನಮ್ಮ ಸೀಮೆಯಲ್ಲಿಯೂ ಇರುವಾಗ ಪಟ್ಟಣ ಅಲ್ಲಿಯೇ ಏಕೆ ಬೆಳೆಯಿತು? ಬೆಳೆದ ಗಣಿ ಮತ್ತೆ ಏಕೆ ಮುಚ್ಚಿತು? ಪ್ರಯಾಣದ ಉದ್ದಕ್ಕೂ ಈ ಎರಡು ಪ್ರಶ್ನೆಗಳು ನಮ್ಮ ಜೊತೆಯಲ್ಲಿಯೇ ಬಂದವು. ಈ ಲೇಖನ ಅವುಗಳಿಗೆ ನಾವು ಕಂಡುಕೊಂಡ ಉತ್ತರ.

ಜಲಗಾರನ ಮರಿಗೆ

ಜಲಗಾರನ ಬಳಿ ಇದ್ದುದು ಒಂದು ಮರದ ಮರಿಗೆ, ಹರಿಯುವ ನೀರು ಮತ್ತು ಪಳಗಿದ ಕೈ. ಆದರೆ ಅವನ ಕೆಲಸದಲ್ಲಿ ಭೌತವಿಜ್ಞಾನದ ಒಂದು ದೊಡ್ಡ ತತ್ತ್ವ ಅಡಗಿತ್ತು. ನೀರಿನ ಸಾಂದ್ರತೆಯನ್ನು ೧ ಎಂದು ಹಿಡಿದರೆ ಸಾಮಾನ್ಯ ಮರಳಿನದು ಸುಮಾರು ೨.೬೫, ಚಿನ್ನದ್ದು ೧೯.೩. ಎಂದರೆ ಒಂದೇ ಗಾತ್ರದ ಮರಳಿನ ಕಣಕ್ಕಿಂತ ಚಿನ್ನದ ಕಣ ಏಳು ಪಟ್ಟು ಭಾರ. ಮರಿಗೆಯಲ್ಲಿ ಮರಳನ್ನೂ ನೀರನ್ನೂ ತುಂಬಿ ಹದವಾಗಿ ತಿರುಗಿಸಿದರೆ ಹಗುರವಾದ ಮರಳು ನೀರಿನೊಡನೆ ಅಂಚನ್ನು ದಾಟಿ ಹೋಗುವುದು. ಭಾರವಾದ ಚಿನ್ನ ತಳದಲ್ಲಿ ಉಳಿಯುವುದು. ಕೊನೆಗೆ ಉಳಿದ ಕರಿಮರಳಿಗೆ ಪಾದರಸವನ್ನು ಸೇರಿಸಿದರೆ ಅದು ಚಿನ್ನವನ್ನು ಮಾತ್ರ ತನ್ನಲ್ಲಿ ಕೂಡಿಸಿಕೊಳ್ಳುವುದು. ಆ ಮುದ್ದೆಯನ್ನು ಕಾಯಿಸಿದಾಗ ಪಾದರಸ ಆವಿಯಾಗಿ ಹೋಗಿ ಚಿನ್ನ ನಿಲ್ಲುವುದು. ಆ ಆವಿ ಕೊಡಿದವನ ಮೈಗೆ ವಿಷವೆಂಬುದು ಅಂದಿನವರಿಗೆ ಚೆನ್ನಾಗಿ ತಿಳಿದಿರಲಿಲ್ಲ.

ಹಳ್ಳಕ್ಕೆ ಈ ಚಿನ್ನ ಬಂದುದು ಎಲ್ಲಿಂದ? ಸುತ್ತಣ ಗುಡ್ಡಗಳ ಬಂಡೆಗಳಿಂದ. ಈ ಬಂಡೆಗಳಿಗೆ ಭೂವಿಜ್ಞಾನಿಗಳು ಧಾರವಾಡ ಶಿಲೆಗಳೆಂದು ಹೆಸರಿಟ್ಟಿದ್ದಾರೆ. ನಮ್ಮ ಧಾರವಾಡದ ಹೆಸರು ಇದರಿಂದಲೇ ಭೂವಿಜ್ಞಾನದ ಪುಸ್ತಕಗಳಲ್ಲಿ ಜಗತ್ತಿನ ನಾನಾ ದೇಶಗಳ ವಿದ್ಯಾರ್ಥಿಗಳಿಗೆ ಪರಿಚಿತವಾಗಿದೆ. ಇವು ೨೫೦ ಕೋಟಿ ವರ್ಷಗಳಿಗೂ ಹಳೆಯವು. ಅಷ್ಟು ಹಿಂದೆ ಭೂಮಿಯ ಆಳದಿಂದ ಮೇಲೇರಿದ ಬಿಸಿನೀರು ಬಂಡೆಯ ಬಿರುಕುಗಳಲ್ಲಿ ಹರಿಯುವಾಗ ತನ್ನಲ್ಲಿ ಕರಗಿದ್ದ ಸಿಲಿಕವನ್ನೂ ಅದರೊಡನೆ ಅತ್ಯಲ್ಪ ಚಿನ್ನವನ್ನೂ ಅಲ್ಲಿ ಬಿಟ್ಟುಹೋಯಿತು. ಹಾಗೆ ಬಿಟ್ಟುಹೋದುದೇ ಇಂದು ನಾವು ಕಾಣುವ ಬಿಳಿಯ ಬೆಣಚುಕಲ್ಲಿನ ಎಳೆ. ಗಾಳಿ ಮಳೆಗಳಿಗೆ ಬಂಡೆ ಸವೆದಂತೆ ಎಳೆಯಲ್ಲಿದ್ದ ಚಿನ್ನ ಬಿಡುಗಡೆಯಾಗಿ ಹಳ್ಳದ ಪಾಲಾಯಿತು. ಎಂದ ಮೇಲೆ ಜಲಗಾರನ ಮರಿಗೆಯಲ್ಲಿ ಮಿಂಚಿದ ಕಣ ಗುಡ್ಡದೊಳಗಣ ಎಳೆಯಿಂದ ಬಂದ ಒಂದು ಸುದ್ದಿ. ಆ ಸುದ್ದಿಯನ್ನು ನಂಬಿ ಗುಡ್ಡವನ್ನು ಅಗೆದವರ ಕತೆ ನಮ್ಮ ನೆರೆಯಲ್ಲಿಯೇ ಇದೆ.

ಕಪ್ಪತಗುಡ್ಡದ ಆಸೆ

ಗದಗಿನ ದಕ್ಷಿಣಕ್ಕೆ ಹಬ್ಬಿರುವ ಕಪ್ಪತಗುಡ್ಡದ ಹಳ್ಳಗಳಲ್ಲಿಯೂ ಜಲಗಾರರು ಚಿನ್ನವನ್ನು ತೊಳೆಯುತ್ತಿದ್ದರು. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ರಾಬರ್ಟ್ ಬ್ರೂಸ್ ಫೂಟ್ ಆ ಗುಡ್ಡಗಳನ್ನು ಸುತ್ತಿ, ಅಲ್ಲಿಯ ಚಿನ್ನವುಳ್ಳ ಬಂಡೆಗಳನ್ನು ಕುರಿತು ೧೮೭೪ರಲ್ಲಿ ವರದಿಯನ್ನು ಪ್ರಕಟಿಸಿದರು. ಆಗ ಅದನ್ನು ಓದಿ ಗುದ್ದಲಿ ಹಿಡಿದು ಓಡಿಬಂದವರು ಬಹಳವಿಲ್ಲ. ಮುಂದೆ ಕೋಲಾರದ ಗಣಿಗಳು ಲಾಭದ ಮೇಲೆ ಲಾಭವನ್ನು ಹಂಚತೊಡಗಿದ ಮೇಲೆ ಆಸೆ ಕೆರಳಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಪ್ಪತಗುಡ್ಡದ ಚಿನ್ನವನ್ನು ನಂಬಿ ಕಂಪೆನಿಗಳು ಹುಟ್ಟಿಕೊಂಡವು. ಹೊಸೂರು, ಕಬಲಾಯತಕಟ್ಟಿಗಳ ಬಳಿ ಬಾವಿಗಳು ಇಳಿದವು, ಯಂತ್ರಗಳು ಬಂದವು. ಆಗ ಆ ಸೀಮೆಯ ಕೆಲಭಾಗ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದುದರಿಂದ ಒಂದು ಗಣಿಗೆ ಸಾಂಗಲಿಯ ಹೆಸರೇ ನಿಂತಿತು.

ಈ ಉತ್ಸಾಹ ಹತ್ತು ವರ್ಷವೂ ಬಾಳಲಿಲ್ಲ. ೧೯೧೧ರ ವೇಳೆಗೆ ಕೆಲಸ ನಿಂತುಹೋಯಿತು. ಚಿನ್ನ ಇರಲಿಲ್ಲವೆಂದಲ್ಲ; ಇದ್ದಿತು. ಆದರೆ ಎಳೆಗಳು ತೆಳುವಾಗಿ, ತುಂಡುತುಂಡಾಗಿ ಹರಡಿದ್ದವು. ಒಂದು ಟನ್ನು ಬಂಡೆಯನ್ನು ಒಡೆದು, ಮೇಲೆತ್ತಿ, ಪುಡಿಮಾಡಿ, ತೊಳೆಯುವ ವೆಚ್ಚವನ್ನು ಅದರಿಂದ ದೊರೆತ ಚಿನ್ನದ ಬೆಲೆ ತೀರಿಸಲಿಲ್ಲ. ಗಣಿಗಾರನ ಭಾಷೆಯಲ್ಲಿ ಅದಿರೆಂದರೆ ಲೋಹವಿರುವ ಕಲ್ಲಲ್ಲ. ಲಾಭಕ್ಕೆ ಲೋಹವನ್ನು ಕೊಡುವ ಕಲ್ಲು. ಈ ಒಂದು ವ್ಯತ್ಯಾಸದಲ್ಲಿ ನಮ್ಮ ವಿದ್ಯಾರ್ಥಿಯ ಮೊದಲನೆಯ ಪ್ರಶ್ನೆಗೆ ಅರ್ಧ ಉತ್ತರ ದೊರೆತಂತಾಯಿತು. ಕಪ್ಪತಗುಡ್ಡದಲ್ಲಿ ಇಂದು ಉಳಿದಿರುವುದು ಹಳೆಯ ಅಗೆತಗಳು ಮತ್ತು ಗಿಡಮೂಲಿಕೆಗಳಿಗೆ ಹೆಸರಾದ ಕಾಡು. ೨೦೧೯ರಲ್ಲಿ ಸರ್ಕಾರ ಅದನ್ನು ವನ್ಯಜೀವಿಧಾಮವೆಂದು ಘೋಷಿಸಿತು.

ಮಾರಿಕುಪ್ಪಮ್ಮಿನ ರೈಲು

ಉತ್ತರದ ಉಳಿದರ್ಧವನ್ನು ಹುಡುಕಿಕೊಂಡು ನಾವು ಹಾವೇರಿಯಲ್ಲಿ ರೈಲು ಹತ್ತಿ ಬೆಂಗಳೂರನ್ನು ಸೇರಿ, ಅಲ್ಲಿಂದ ಬಂಗಾರಪೇಟೆಯ ಕಡೆಗೆ ಹೊರಟೆವು. ಬಂಗಾರಪೇಟೆಯಿಂದ ಮಾರಿಕುಪ್ಪಮ್ಮಿಗೆ ಹೋಗುವ ಕವಲುದಾರಿ ೧೮೯೪ರಲ್ಲಿ ಗಣಿಗಳಿಗಾಗಿಯೇ ಹಾಕಿದುದು. ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ಬರುವ ನಿಲ್ದಾಣಗಳ ಹೆಸರನ್ನು ಓದಿದರೆ ಗಣಿಗಳ ಪಟ್ಟಿಯನ್ನು ಓದಿದಂತೆಯೇ ಆಗುವುದು. ನಾವು ಹೋಗುತ್ತಿದ್ದ ಗಾಡಿಯಲ್ಲಿ ಜನ ವಿರಳವಾಗಿದ್ದರು. ಎದುರಿನಿಂದ ಬೆಂಗಳೂರಿಗೆ ಹೊರಟಿದ್ದ ಗಾಡಿಯಲ್ಲಿ ಕಾಲಿಡಲು ತೆರಪಿರಲಿಲ್ಲ. ಗಣಿಯ ಊರಿನ ಮಕ್ಕಳು ಮೊಮ್ಮಕ್ಕಳು ಸಾವಿರಗಟ್ಟಲೆಯಾಗಿ ದಿನಬೆಳಗಾದರೆ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವರೆಂದು ಸಹಪ್ರಯಾಣಿಕರೊಬ್ಬರು ತಿಳಿಸಿದರು. ಒಂದು ಕಾಲಕ್ಕೆ ಹೊರಗಿನವರನ್ನು ಒಳಗೆ ತಂದ ದಾರಿ ಈಗ ಒಳಗಿನವರನ್ನು ಹೊರಗೆ ಒಯ್ಯುತ್ತಿದೆ.

ಕೋಲಾರದಲ್ಲಿಯೂ ಮೊದಲ ಸುದ್ದಿ ಮಣ್ಣನ್ನು ತೊಳೆಯುವವರಿಂದಲೇ ಬಂದಿತು. ೧೭೯೯ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಮೈಸೂರಿನ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್, ಚಿನ್ನದ ಮಾತನ್ನು ಕೇಳಿ ೧೮೦೨ರಲ್ಲಿ ಈ ಭಾಗವನ್ನು ಪರಿಶೀಲಿಸಿದನು. ಹಳ್ಳಿಯವರು ಅವನೆದುರಿಗೆ ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪಮ್ಮಿನ ಬಳಿ ಹಳೆಯ ಗುಂಡಿಗಳಲ್ಲಿ ಜನ ಅಗೆಯುತ್ತಿದ್ದುದನ್ನೂ ಅವನು ಕಂಡನು. ಎಪ್ಪತ್ತು ವರ್ಷಗಳ ತರುವಾಯ ಸೈನ್ಯದಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಗೃಹಸ್ಥ ಮೈಕೇಲ್ ಲವೆಲ್, ವಾರನ್ನನ ಬರಹವನ್ನು ಓದಿ ೧೮೭೩ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದನು. ಅವನ ಹಣವೆಲ್ಲ ಕರಗಿ ಹಕ್ಕು ಬೇರೆಯವರ ಪಾಲಾಯಿತು. ಅವರಿಗೂ ಮೊದಮೊದಲು ಕಲ್ಲೇ ಗತಿಯಾಯಿತು.

೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆ ರಂಗಕ್ಕಿಳಿಯಿತು. ಕೂಡಿಸಿದ ಬಂಡವಾಳ ಬಹುಮಟ್ಟಿಗೆ ಮುಗಿದು ಹೋಗಿದ್ದ ಹೊತ್ತಿನಲ್ಲಿ ಕ್ಯಾಪ್ಟನ್ ಪ್ಲಮ್ಮರ್ ಹಳೆಯ ಕಾಲದವರು ಅಗೆದು ಬಿಟ್ಟಿದ್ದ ಗುಂಡಿಗಳ ಕೆಳಗೆ ಇನ್ನೂ ಆಳಕ್ಕೆ ಇಳಿದು ನೋಡಿದನು. ಅಲ್ಲಿ ದೊರೆತುದು ಚಾಂಪಿಯನ್ ಎಳೆ. ಕಪ್ಪತಗುಡ್ಡದ ಎಳೆಗಳಿಗೂ ಇದಕ್ಕೂ ಇದ್ದ ಅಂತರವಿಷ್ಟೆ: ಇದು ಶ್ರೀಮಂತವಾಗಿದ್ದಿತು, ಮೈಲಿಗಟ್ಟಲೆ ಉದ್ದವಾಗಿದ್ದಿತು, ಪಾತಾಳದವರೆಗೆ ಇಳಿದಿದ್ದಿತು. ಮೊದಲ ವರ್ಷಗಳಲ್ಲಿ ಒಂದು ಟನ್ನು ಅದಿರಿಗೆ ಸುಮಾರು ೪೭ ಗ್ರಾಮ್ ಚಿನ್ನ ಬಂದಿತು. ಎಂದರೆ ಒಂದು ಗ್ರಾಮ್ ಚಿನ್ನಕ್ಕೆ ೨೧ ಕಿಲೋಗ್ರಾಮ್ ಕಲ್ಲು. ಇಂದಿಗೂ ಜಗತ್ತಿನ ಗಣಿಗಾರರು ಇಂಥ ಅದಿರನ್ನು ಕನಸಿನಲ್ಲಿ ಕಾಣುವರು.

ಮೂರು ಕಿಲೋಮೀಟರ್ ಕೆಳಗೆ

ಗಣಿಯೊಳಕ್ಕೆ ಇಳಿಯುವ ಭಾಗ್ಯ ನಮಗೆ ಇರಲಿಲ್ಲ. ಇನ್ನು ಯಾರಿಗೂ ಇಲ್ಲ. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು. ಪಂಪುಗಳು ನಿಂತ ಮೇಲೆ ಸುರಂಗಗಳನ್ನು ಅಂತರ್ಜಲ ತುಂಬಿಕೊಂಡಿತು. ಬಾವಿಗಳ ಮೇಲೆ ನಿಂತಿರುವ ಉಕ್ಕಿನ ಗೋಪುರಗಳನ್ನು, ಅವುಗಳ ತುದಿಯಲ್ಲಿ ಅಲುಗದೆ ನಿಂತಿರುವ ರಾಟೆಗಳನ್ನು ನಾವು ಬೇಲಿಯಾಚೆಯಿಂದ ನೋಡಿದೆವು. ಆ ರಾಟೆಗಳ ಮೇಲೆ ಹಾದುಹೋದ ಉಕ್ಕಿನ ಹಗ್ಗಗಳು ಒಂದು ಕಾಲಕ್ಕೆ ಮನುಷ್ಯರನ್ನು ಪಂಜರಗಳಲ್ಲಿ ಕುಳ್ಳಿರಿಸಿ ನೆಲದೊಳಕ್ಕೆ ಇಳಿಸುತ್ತಿದ್ದವು. ಚಾಂಪಿಯನ್ ರೀಫ್ ಗಣಿಯ ಅತ್ಯಂತ ಕೆಳಗಣ ಅಂತಸ್ತುಗಳು ನೆಲಮಟ್ಟದಿಂದ ೩ ಕಿಲೋಮೀಟರಿಗೂ ಹೆಚ್ಚು ಆಳದಲ್ಲಿದ್ದವು. ಆ ಕಾಲದಲ್ಲಿ ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿದ್ದಿತು.

ಆಳ ಹೆಚ್ಚಿದಂತೆ ಎರಡು ಶತ್ರುಗಳು ಎದುರಾಗುವರು. ಮೊದಲನೆಯದು ಬಿಸಿ. ಅತ್ಯಂತ ಆಳದಲ್ಲಿ ಬಂಡೆಯ ತಾಪ ೬೦ ಡಿಗ್ರಿ ಸೆಲ್ಸಿಯಸನ್ನು ಮೀರಿದ್ದಿತು, ಕೈಯಿಟ್ಟರೆ ಸುಡುವಷ್ಟು. ನಮ್ಮ ನೆಲ ಬಹು ಪುರಾತನವಾಗಿ ತಣ್ಣಗಾಗಿರುವುದರಿಂದ ಇಲ್ಲಿ ಕಿಲೋಮೀಟರಿಗೆ ಹನ್ನೆರಡು ಡಿಗ್ರಿಯಷ್ಟು ಮಾತ್ರ ತಾಪ ಏರುವುದು. ಅನೇಕ ದೇಶಗಳಲ್ಲಿ ಈ ಏರಿಕೆ ಇದರ ಎರಡು ಪಟ್ಟಿಗೂ ಹೆಚ್ಚು. ಅಲ್ಲಿಯಾಗಿದ್ದರೆ ಇಷ್ಟು ಆಳದಲ್ಲಿ ಕೆಲಸ ಮಾಡುವ ಮಾತೇ ಇರುತ್ತಿರಲಿಲ್ಲ. ಇಲ್ಲಿಯೂ ತಣಿಸಿದ ಗಾಳಿಯನ್ನು ಮೇಲಿನಿಂದ ಕೆಳಕ್ಕೆ ತಳ್ಳಬೇಕಾಯಿತು.

ಎರಡನೆಯ ಶತ್ರು ಭಾರ. ಒಂದು ಘನಮೀಟರ್ ಬಂಡೆ ಸುಮಾರು ೩ ಟನ್ನು ತೂಗುವುದು. ಮೂರು ಕಿಲೋಮೀಟರ್ ಕೆಳಗೆ ಪ್ರತಿ ಚದರ ಮೀಟರಿನ ಮೇಲೆ ೯,೦೦೦ ಟನ್ನಿನಷ್ಟು ಕಲ್ಲು ಕುಳಿತಿರುವುದು. ಎಳೆಯನ್ನು ತೆಗೆದು ಅಲ್ಲಿ ಪೊಳ್ಳನ್ನು ಬಿಟ್ಟೊಡನೆ ಆ ಭಾರವೆಲ್ಲ ಪಕ್ಕದ ಬಂಡೆಗಳ ಮೇಲೆ ಬೀಳುವುದು. ಗಟ್ಟಿಯಾದ ಬಂಡೆ ಬಾಗಲಾರದು; ಬಿಲ್ಲಿನ ಹೆದೆಯಂತೆ ಬಿಗಿಯುತ್ತ ಹೋಗಿ ಒಂದು ಗಳಿಗೆಯಲ್ಲಿ ಸಿಡಿದುಬಿಡುವುದು. ಇದನ್ನು ಶಿಲಾಸ್ಫೋಟವೆನ್ನುವರು. ದೊಡ್ಡ ಶಿಲಾಸ್ಫೋಟವಾದಾಗ ಮೇಲಿನ ಊರಿನ ಮನೆಗಳು ಭೂಕಂಪವಾದಂತೆ ನಡುಗುತ್ತಿದ್ದವು. ಮನೆಯಲ್ಲಿದ್ದವರು ಪಾತ್ರೆ ಅಲುಗಿದ ಸದ್ದನ್ನು ಕೇಳಿ, ಆ ಪಾಳಿಯಲ್ಲಿ ಕೆಳಗಿಳಿದ ತಮ್ಮವರನ್ನು ನೆನೆದು ಬಾವಿಯ ಬಾಯಿಗೆ ಓಡುತ್ತಿದ್ದರಂತೆ.

ಹಳೆಯ ಕಾರ್ಮಿಕರ ವಸತಿಯ ಸಾಲುಮನೆಗಳ ನಡುವೆ ಜಗಲಿಯ ಮೇಲೆ ಕುಳಿತಿದ್ದ ವೃದ್ಧರೊಬ್ಬರು ನಮ್ಮನ್ನು ಕರೆದು ನೀರು ಕೊಟ್ಟರು. ಮೂವತ್ತು ವರ್ಷ ಗಣಿಯಲ್ಲಿ ದುಡಿದವರು. ಸವಣೂರಿನ ಹುಡುಗನೊಬ್ಬ, "ಅಜ್ಜಾರ, ನೀವು ಎಷ್ಟು ಚಿನ್ನ ನೋಡೀರಿ?" ಎಂದು ಕೇಳಿದನು. ಮುದುಕರು ನಕ್ಕು, "ಚಿನ್ನ ಎಲ್ಲಿ ಕಾಣುತ್ತೆ ತಂಬಿ? ನಾನು ಕಂಡದ್ದೆಲ್ಲ ಕಲ್ಲು" ಎಂದರು. ಈ ಮಾತು ವಿನೋದಕ್ಕೆ ಆಡಿದುದಲ್ಲ. ಟನ್ನಿಗೆ ಕೆಲವು ಗ್ರಾಮುಗಳಷ್ಟೇ ಇರುವ ಚಿನ್ನ ಬಂಡೆಯಲ್ಲಿ ಕಣ್ಣಿಗೆ ಬೀಳುವುದು ಬಲು ಅಪರೂಪ.

ಬಿಳಿಯ ದಿಬ್ಬಗಳು

ಕಾಣದ ಚಿನ್ನವನ್ನು ಹಿಡಿಯುವ ಬಗೆ ಹೇಗೆ? ಮೇಲಕ್ಕೆ ತಂದ ಅದಿರನ್ನು ಉಕ್ಕಿನ ಒನಕೆಗಳಿಂದ ಕುಟ್ಟಿ ಹಿಟ್ಟಿನಂತೆ ಮಾಡುತ್ತಿದ್ದರು. ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಆ ಹಿಟ್ಟನ್ನು ನೀರಿನೊಡನೆ ಹರಿಸಿದಾಗ ದಪ್ಪ ಕಣಗಳು ಅಂಟಿಕೊಳ್ಳುತ್ತಿದ್ದವು. ಇದು ಜಲಗಾರನ ವಿದ್ಯೆಯೇ, ಯಂತ್ರದ ರೂಪದಲ್ಲಿ. ಆದರೆ ತೀರ ಸಣ್ಣ ಕಣಗಳು ಇದರಿಂದಲೂ ತಪ್ಪಿಸಿಕೊಂಡು ಹೋಗುತ್ತಿದ್ದವು. ಅವುಗಳಿಗೆ ೧೮೮೭ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಎಂಬ ರಸಾಯನವಿಜ್ಞಾನಿಯೂ ಫಾರೆಸ್ಟ್ ಸಹೋದರರೂ ಉಪಾಯವನ್ನು ಕಂಡುಹಿಡಿದರು. ಯಾವ ಸಾಮಾನ್ಯ ಆಮ್ಲಕ್ಕೂ ಜಗ್ಗದ ಚಿನ್ನ, ಗಾಳಿಯ ಆಮ್ಲಜನಕದ ನೆರವಿದ್ದರೆ, ತೆಳುವಾದ ಸೈನೈಡ್ ದ್ರಾವಣದಲ್ಲಿ ಮೆಲ್ಲಗೆ ಕರಗುವುದು. ಆ ದ್ರಾವಣಕ್ಕೆ ಸತುವನ್ನು ಹಾಕಿದರೆ ಸತು ಕರಗಿ ಚಿನ್ನ ಹೊರಬೀಳುವುದು. ಈ ಕ್ರಮ ಬಂದ ಮೇಲೆ ಜಗತ್ತಿನ ಚಿನ್ನದ ಗಣಿಗಳ ಹಣೆಬರಹವೇ ಬದಲಾಯಿತು.

ಚಿನ್ನವನ್ನು ತೆಗೆದುಕೊಂಡ ಮೇಲೆ ಉಳಿದ ಹಿಟ್ಟು? ಅದೇ ಇಂದು ಈ ಊರಿನ ಗುಡ್ಡಗಳು. ಬಿಳಿ, ಬೂದು, ಹಳದಿ ಬಣ್ಣದ ಈ ದಿಬ್ಬಗಳನ್ನು ಜನ ಸೈನೈಡ್ ಗುಡ್ಡಗಳೆಂದು ಕರೆಯುವರು. ಸಿನಿಮಾದವರಿಗೆ ಇವು ಬಲು ಮೆಚ್ಚು. ದೂರದಿಂದ ನೋಡಿದಾಗ ಚೆಲುವಾಗಿಯೇ ಇವೆ. ಆದರೆ ಅವುಗಳ ಮೇಲೆ ಹುಲ್ಲು ಹುಟ್ಟುವುದು ಕಷ್ಟ. ಬೇಸಗೆಯ ಗಾಳಿ ಎದ್ದರೆ ನಯವಾದ ಧೂಳು ಮನೆಗಳ ಮೇಲೆ ಕವಿಯುವುದು.

ಇಲ್ಲಿ ನಾವು ವಿದ್ಯಾರ್ಥಿಗಳಿಗೆ ಒಂದು ಲೆಕ್ಕವನ್ನು ಕೊಟ್ಟೆವು. ಸುಮಾರು ೧೨೦ ವರ್ಷಗಳಲ್ಲಿ ಈ ಗಣಿಗಳು ೫ ಕೋಟಿ ಟನ್ನಿಗೂ ಮಿಕ್ಕ ಅದಿರಿನಿಂದ ೮೦೦ ಟನ್ನಿನಷ್ಟು ಚಿನ್ನವನ್ನು ಕೊಟ್ಟಿವೆ. ಅಷ್ಟನ್ನೂ ಕರಗಿಸಿ ಒಂದೇ ಗಟ್ಟಿಯಾಗಿ ಎರೆದರೆ ಅದರ ಗಾತ್ರವೆಷ್ಟು? ೮೦೦ನ್ನು ೧೯.೩ರಿಂದ ಭಾಗಿಸಿದರೆ ಸುಮಾರು ೪೧.೫ ಘನಮೀಟರ್. ಉದ್ದ, ಅಗಲ, ಎತ್ತರಗಳು ತಲಾ ಮೂರೂವರೆ ಮೀಟರಿರುವ ಒಂದು ಕೋಣೆಯಲ್ಲಿ ಕೋಲಾರದ ಚಿನ್ನವೆಲ್ಲ ಹಿಡಿಸುವುದು! ಲೆಕ್ಕ ಮುಗಿಸಿದ ಹುಡುಗರು ಒಮ್ಮೆ ಆ ವೃದ್ಧರ ಒಂದೇ ಕೋಣೆಯ ಮನೆಯನ್ನು, ಒಮ್ಮೆ ಅದರ ಹಿಂದೆ ಎದ್ದು ನಿಂತಿದ್ದ ದಿಬ್ಬವನ್ನು ನೋಡಿ ಸುಮ್ಮನಾದರು.

ಲೆಕ್ಕದ ಇನ್ನೊಂದು ಪುಟ

ಚಿನ್ನದ ಜಮಾ ಖರ್ಚಿನಲ್ಲಿ ಬರೆಯದೆ ಬಿಟ್ಟ ಪುಟವೊಂದು ಉಂಟು. ಬೆಣಚುಕಲ್ಲನ್ನು ಕೊರೆದಾಗ ಏಳುವ ಧೂಳಿನ ಅತಿ ಸೂಕ್ಷ್ಮ ಕಣಗಳು ಉಸಿರಿನೊಡನೆ ಶ್ವಾಸಕೋಶದ ಕೊನೆಯ ಚೀಲಗಳನ್ನು ಸೇರುತ್ತವೆ. ದೇಹ ಅವುಗಳನ್ನು ಕರಗಿಸಲಾರದೆ ಸುತ್ತಲೂ ಗಟ್ಟಿಯಾದ ಕಲೆಯನ್ನು ಕಟ್ಟುವುದು. ವರ್ಷ ಕಳೆದಂತೆ ಶ್ವಾಸಕೋಶ ತನ್ನ ಮೃದುತ್ವವನ್ನು ಕಳೆದುಕೊಂಡು ಉಸಿರಾಟವೇ ಒಂದು ದುಡಿಮೆಯಾಗುವುದು. ಇದೇ ಸಿಲಿಕೋಸಿಸ್. ಇದಕ್ಕೆ ತಡೆಯುಂಟು, ಗುಣವಾಗುವ ಮದ್ದಿಲ್ಲ. ೧೯೪೦ರಲ್ಲಿ ಮೈಸೂರು ಸರ್ಕಾರ ಈ ರೋಗಕ್ಕೆ ಪರಿಹಾರ ಕೊಡಬೇಕೆಂಬ ನಿಯಮವನ್ನು ತಂದಿತು. ೧೯೪೦ರಿಂದ ೧೯೪೬ರ ಒಳಗೆ ಇಲ್ಲಿ ೭,೬೦೦ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಜನರಲ್ಲಿ ಈ ರೋಗ ಕಂಡುಬಂದಿತು. ಕೊರೆಯುವ ಬಾಯಿಗೆ ನೀರನ್ನು ಹರಿಸಿ ಧೂಳನ್ನು ಅಡಗಿಸುವುದು, ಒಳ್ಳೆಯ ಗಾಳಿಯನ್ನು ಒದಗಿಸುವುದು ಇವೇ ಇದಕ್ಕಿರುವ ಮದ್ದು.

ಈ ಕಾರ್ಮಿಕರಲ್ಲಿ ಬಹುಮಂದಿ ತಮಿಳು, ತೆಲುಗು ಸೀಮೆಗಳ ಬಡ ಹಳ್ಳಿಗಳಿಂದ, ಅದರಲ್ಲಿಯೂ ಸಮಾಜ ದೂರವಿಟ್ಟಿದ್ದ ಜಾತಿಗಳಿಂದ ಬಂದವರು. ಮೇಲ್ವಿಚಾರಣೆಗೆ ಇಂಗ್ಲೆಂಡಿನ ಕಾರ್ನ್‌ವಾಲಿನ ಗಣಿಗಾರರು ಬಂದಿದ್ದರು. ಊಳಿಗದವರ ಮೇಲೆ ಕಳ್ಳತನದ ಸಂಶಯ ಎಂದಿಗೂ ಇದ್ದೇ ಇದ್ದಿತು. ೧೯೩೦ರಲ್ಲಿ ಪ್ರತಿಯೊಬ್ಬ ಕಾರ್ಮಿಕನ ಬೆರಳಚ್ಚನ್ನು ತೆಗೆದುಕೊಳ್ಳಲು ಹೊರಟಾಗ ಸಾವಿರಾರು ಮಂದಿ ಒಂದಾಗಿ ಕೆಲಸವನ್ನು ನಿಲ್ಲಿಸಿದರು. ತಾವು ಕಳ್ಳರಲ್ಲವೆಂಬುದೇ ಅವರ ಮಾತಾಗಿತ್ತು.

ಗಣಿಗಳು ೧೯೫೬ರಲ್ಲಿ ಮೈಸೂರು ಸರ್ಕಾರದ ವಶಕ್ಕೂ ೧೯೬೨ರಲ್ಲಿ ಭಾರತ ಸರ್ಕಾರದ ವಶಕ್ಕೂ ಬಂದವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. ಅಷ್ಟರಲ್ಲಿ ಎಳೆಯ ಶ್ರೀಮಂತ ಭಾಗ ತೀರಿತ್ತು. ಟನ್ನಿಗೆ ೪೭ ಗ್ರಾಮ್ ಕೊಟ್ಟಿದ್ದ ಅದಿರು ಕೊನೆಗಾಲದಲ್ಲಿ ೩ ಗ್ರಾಮಿನಷ್ಟಕ್ಕೆ ಇಳಿಯಿತು. ಒಂದು ಗ್ರಾಮಿಗೆ ೨೧ ಕಿಲೋಗ್ರಾಮ್ ಸಾಕಾಗಿದ್ದಲ್ಲಿ ೩೩೦ ಕಿಲೋಗ್ರಾಮಿಗೂ ಹೆಚ್ಚು ಕಲ್ಲನ್ನು, ಅದೂ ಪಾತಾಳದಿಂದ, ಎತ್ತಬೇಕಾಯಿತು. ಕಪ್ಪತಗುಡ್ಡವನ್ನು ಹತ್ತು ವರ್ಷದಲ್ಲಿ ಸೋಲಿಸಿದ ಲೆಕ್ಕವೇ ಕೋಲಾರವನ್ನು ನೂರಿಪ್ಪತ್ತು ವರ್ಷದಲ್ಲಿ ಸೋಲಿಸಿತು. ವಿದ್ಯಾರ್ಥಿಯ ಎರಡನೆಯ ಪ್ರಶ್ನೆಗೆ ಉತ್ತರ ಇದೇ.

ಚಿನ್ನವಲ್ಲದ ಗಳಿಕೆ

ಆದರೆ ಈ ನೆಲದಿಂದ ಹೊರಬಂದುದು ಚಿನ್ನವೊಂದೇ ಅಲ್ಲ. ಗಣಿಗಳ ಯಂತ್ರಗಳನ್ನು ನಡೆಸಲು ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರು ೧೪೭ ಕಿಲೋಮೀಟರ್ ದೂರದ ಈ ಊರಿಗೆ ೧೯೦೨ರಲ್ಲಿ ತಂತಿಯ ಮೂಲಕ ಸಾಗಿಸಿದರು. ಅಂದಿನ ಜಗತ್ತಿನಲ್ಲಿ ಅಷ್ಟು ಉದ್ದದ ವಿದ್ಯುತ್ ಮಾರ್ಗಗಳು ಬೆರಳೆಣಿಕೆಯವು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿದುದು ಇದಾದ ಮೂರು ವರ್ಷಗಳ ಮೇಲೆ, ೧೯೦೫ರಲ್ಲಿ.

ಇದಕ್ಕಿಂತಲೂ ಸೋಜಿಗದ ಗಳಿಕೆ ಇನ್ನೊಂದು. ಆಕಾಶದಿಂದ ವಿಶ್ವಕಿರಣಗಳು ಎಡೆಬಿಡದೆ ನಮ್ಮ ಮೇಲೆ ಸುರಿಯುತ್ತಿವೆ. ಅವು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಕಣಗಳಲ್ಲಿ ನ್ಯೂಟ್ರಿನೋ ಒಂದು. ಅದು ಇಡೀ ಭೂಮಿಯನ್ನೇ ತೂರಿ ಹೋಗಬಲ್ಲುದು; ಯಾವುದಕ್ಕೂ ತಾಗುವುದು ಅತ್ಯಪೂರ್ವ. ನೆಲದ ಮೇಲೆ ಇತರ ಕಣಗಳ ಗದ್ದಲದಲ್ಲಿ ಅದರ ಸುಳಿವನ್ನು ಹಿಡಿಯುವುದು ಸಂತೆಯಲ್ಲಿ ಪಿಸುಮಾತನ್ನು ಕೇಳಿದಂತೆ. ಗದ್ದಲವನ್ನು ಅಡಗಿಸಲು ಕಿಲೋಮೀಟರುಗಟ್ಟಲೆ ದಪ್ಪವಾದ ಕಲ್ಲಿನ ಮಾಡು ಬೇಕು. ಅಂಥ ಮಾಡನ್ನು ಗಣಿಯ ಕಾರ್ಮಿಕರು ಆಗಲೇ ಕಟ್ಟಿಕೊಟ್ಟಿದ್ದರು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕ, ಇಂಗ್ಲೆಂಡಿನ ಡರ್‌ಹ್ಯಾಮುಗಳ ವಿಜ್ಞಾನಿಗಳೊಡನೆ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು ೨.೩ ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ಇರಿಸಿದರು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ೧೯೬೫ರಲ್ಲಿ ಅಲ್ಲಿ ದೊರೆಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿಯೂ ಅದು ದೊರೆಯಿತು. ಇವೆರಡೂ ಮಾನವನು ಆ ಕಣಗಳನ್ನು ಗುರುತಿಸಿದ ಮೊದಲ ಸಂದರ್ಭಗಳು. ಶಿಲಾಸ್ಫೋಟಗಳ ಕಹಿ ಅನುಭವವೂ ವ್ಯರ್ಥವಾಗಲಿಲ್ಲ. ಬಂಡೆಗಳ ಬಲವನ್ನು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆಯೊಂದು ೧೯೮೮ರಲ್ಲಿ ಇದೇ ಊರಿನಲ್ಲಿ ಸ್ಥಾಪಿತವಾಯಿತು.

ಯಾವುದನ್ನು ಕಾಪಾಡಬೇಕು?

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಬೋಡಿ ಎಂಬ ಊರಿದೆ. ೧೮೫೯ರಲ್ಲಿ ಅಲ್ಲಿ ಚಿನ್ನ ಕಂಡಿತು. ೧೮೮೦ರ ವೇಳೆಗೆ ಸಾವಿರಾರು ಜನ ಸೇರಿದರು. ಚಿನ್ನ ತೀರಿದಂತೆ ಎಲ್ಲರೂ ಹೊರಟುಹೋದರು. ೧೯೬೨ರಿಂದ ಸರ್ಕಾರ ಅದನ್ನು ಇದ್ದಂತೆಯೇ ಕಾಪಾಡುತ್ತಿದೆ. ಬಿದ್ದುಹೋಗದಂತೆ ಆಧಾರ ಕೊಡುವರೇ ಹೊರತು ಹೊಸದು ಮಾಡುವುದಿಲ್ಲ. ಮೇಜಿನ ಮೇಲಣ ಧೂಳು ಸಹ ಹಾಗೆಯೇ ಇದೆ. ಆಸ್ಟ್ರೇಲಿಯದ ಬ್ಯಾಲರಾಟಿನಲ್ಲಿ ೧೮೫೦ರ ದಶಕದ ಚಿನ್ನದ ಊರನ್ನು ಮತ್ತೆ ಕಟ್ಟಿ ೧೯೭೦ರಲ್ಲಿ ಬಯಲು ವಸ್ತುಸಂಗ್ರಹಾಲಯವಾಗಿ ತೆರೆದರು. ಅಲ್ಲಿ ಮಕ್ಕಳು ತಮ್ಮ ಕೈಯಿಂದಲೇ ಮರಳನ್ನು ತೊಳೆದು ನೋಡಬಹುದು.

ನಮ್ಮ ಗಣಿಯ ಊರು ಇವೆರಡರಂತೆಯೂ ಅಲ್ಲ. ಇದು ಪಾಳುಬಿದ್ದ ಊರಲ್ಲ. ಇಲ್ಲಿ ಜನ ಬದುಕುತ್ತಿದ್ದಾರೆ. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ ತರಕಾರಿಯ ಚೌಕಾಸಿ ನಡೆಯುತ್ತಿರುವುದು, ಶಾಲೆಯ ಗಂಟೆ ಬಾರಿಸುತ್ತಿರುವುದು. ಬಂಗಲೆಗಳ ಚಾವಣಿ ಕುಸಿಯುತ್ತಿದೆ, ಯಂತ್ರಶಾಲೆಗಳಲ್ಲಿ ತುಕ್ಕು ಹಿಡಿಯುತ್ತಿದೆ. ಇವುಗಳಲ್ಲಿ ಕೆಲವನ್ನಾದರೂ ಕಾಪಾಡುವುದು ಅವಶ್ಯಕ. ಆದರೆ ಬಂಗಲೆಯನ್ನು ಕಾಪಾಡಿ ಸಾಲುಮನೆಯನ್ನು ಮರೆತರೆ ಅರ್ಧ ಇತಿಹಾಸ ಹೋಗುವುದು. ದಿಬ್ಬದ ಧೂಳನ್ನು ಹಿಡಿದು ನಿಲ್ಲಿಸುವ ಗಿಡವನ್ನು ಕಂಡುಹಿಡಿಯುವುದು ಹಳೆಯ ರಾಟೆಗೆ ಬಣ್ಣ ಬಳಿಯುವುದಕ್ಕಿಂತ ಮೊದಲು ಆಗಬೇಕಾದ ರಕ್ಷಣೆಯೆಂದು ನಮಗೆ ತೋರಿತು. ಗಣಿಯ ಬಾವಿಗಳಲ್ಲಿ ನಿಂತ ನೀರಿನ ಗುಣವನ್ನು ಅಳೆಯುವುದು, ಕಾರ್ಮಿಕರ ಉಸಿರಿನ ಕತೆಯನ್ನು ಬರೆದಿಡುವುದು ಇವೂ ಅದಕ್ಕೆ ಸೇರಿದುವೇ.

ಈ ಮಾತು ದೂರದ ಊರಿಗೆ ಮಾತ್ರ ಸಂಬಂಧಿಸಿದುದಲ್ಲ. ಹಾವೇರಿ ತಾಲ್ಲೂಕಿನ ಗಣಜೂರಿನ ಬಳಿ ಭೂವಿಜ್ಞಾನಿಗಳು ಕೊಳವೆ ಕೊರೆದು ಚಿನ್ನವುಳ್ಳ ಅದಿರನ್ನು ಗುರುತಿಸಿದ್ದಾರೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಗಣಿ ನಡೆಯುತ್ತಿದೆ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ವಿದ್ಯಾರ್ಥಿಗಳಲ್ಲಿ ಒಬ್ಬರು ನಾಳೆ ಭೂವಿಜ್ಞಾನಿಯಾಗಿ ಕಲ್ಲಿನ ಮಾದರಿಯನ್ನು ಪರೀಕ್ಷಿಸಬಹುದು. ಇನ್ನೊಬ್ಬರು ಅಧಿಕಾರಿಯಾಗಿ ಅಪ್ಪಣೆಪತ್ರಕ್ಕೆ ರುಜು ಹಾಕಬಹುದು. ಮತ್ತೊಬ್ಬರ ಮನೆಯ ಹೊಲದ ಕೆಳಗೇ ಎಳೆ ಹಾದುಹೋಗಿರಬಹುದು. ಅಂದು ಟನ್ನಿಗೆ ಎಷ್ಟು ಗ್ರಾಮ್ ಎಂದು ಕೇಳುವುದರ ಜೊತೆಗೆ, ಉಳಿದ ಟನ್ನನ್ನು ಎಲ್ಲಿ ಸುರಿಯುವಿರಿ, ಅದರ ಧೂಳನ್ನು ಯಾರು ಉಸಿರಾಡುವರು, ಎಳೆ ತೀರಿದ ಮರುದಿನ ಊರು ಯಾವುದರಿಂದ ಬದುಕುವುದು ಎಂದೂ ಕೇಳಬೇಕಾಗುವುದು. ಈ ಪ್ರಶ್ನೆಗಳನ್ನು ಕಲಿಯಲು ಮಾರಿಕುಪ್ಪಮ್ಮಿನ ರೈಲಿಗಿಂತ ಒಳ್ಳೆಯ ಶಾಲೆ ಇಲ್ಲ.

ಸಂಜೆ ಮರಳುವಾಗ ಹಿರೇಕೆರೂರಿನ ಹುಡುಗ ದಾರಿಯಲ್ಲಿ ಹೆಕ್ಕಿಕೊಂಡಿದ್ದ ಒಂದು ಬಿಳಿಯ ಬೆಣಚುಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದನು. ಚಿನ್ನ ಕಂಡಿತೇ ಎಂದು ನಾವು ಕೇಳಿದೆವು. ಅವನು ತಲೆಯಲ್ಲಾಡಿಸಿ, "ಕಾಣಲಿಲ್ಲರಿ. ಆದರೂ ಊರಿಗೆ ಒಯ್ತೀನಿ, ನಮ್ಮ ಹಳ್ಳದ ಕಲ್ಲಿನ ಜೋಡಿ ಇಟ್ಟು ನೋಡಬೇಕು" ಎಂದು ಅದನ್ನು ಜೇಬಿಗೆ ಹಾಕಿಕೊಂಡನು.